ಬ್ಲೂಟೂತಿನ ಹಣೆ

ನಮ್ಮ ಅಂಗಡಿಯ ಮೊಬೈಲ್ ವಿಭಾಗವೆಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು ಮತ್ತು ನಾನು. ಮೂವರಲ್ಲಿ ಸ್ಟೂಲೇ ಸೀನಿಯರು. ಅಂಗಡಿಯಲ್ಲಿ ರೇಡಿಯೋ ರಿಪೇರಿ ನಡೆಯುತ್ತಿದ್ದ ಕಾಲದಿಂದಲೂ ಅದು ಸೇವೆಯಲ್ಲಿತ್ತು. ಆಮೇಲೆ ಜನ ರೇಡಿಯೋ ರಿಪೇರಿಗೆ ತರುವುದನ್ನು ಬಿಟ್ಟರು, ರಿಪೇರಿ ಮೇಜು ಗುಜರಿಗೆ ಹೋಯಿತು. ಸ್ಟೂಲೂ ಅದರ ಮೇಲೆ ಕೂತಿದ್ದ ನಾನೂ ಉಳಿದೆವು. ಉಳಿದವರಿಗೊಂದು ಕೆಲಸ ಬೇಕಲ್ಲ ಎಂದು ಯಜಮಾನರು ಗಾಜಿನ ಪೆಟ್ಟಿಗೆ ಮಾಡಿಸಿಕೊಟ್ಟರು. ಅದರಲ್ಲಿ ಮೊಬೈಲ್ ಫೋನು, ಚಾರ್ಜರು, ಪೌಚು ಇಟ್ಟು ಮಾರಬಹುದೆಂದು ಅವರ ತಲೆಗೆ ತುಂಬಿದವನು ನಾನೇ.

ಅಂಗಡಿ ಇದ್ದದ್ದು ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಿಂದ ಸ್ವಲ್ಪ ಒಳಗೆ, ಹೊಂಗೆ ಮರವೊಂದರ ನೆರಳಲ್ಲಿ. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಗೋಡೆ ಗಡಿಯಾರ ಮುಖ್ಯ ವ್ಯಾಪಾರ. ಯಜಮಾನರಿಗೆ ಎಪ್ಪತ್ತು ದಾಟಿತ್ತು. ಬೆಳಿಗ್ಗೆ ಅಂಗಡಿ ತೆರೆದವರು ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡಿ, ಒಂದು ನಿದ್ದೆ ತೆಗೆದು, ಬಿಸಿಲು ಇಳಿದ ಮೇಲೆ ಬರುತ್ತಿದ್ದರು. ಅವರು ಅಂಗಡಿಯಲ್ಲಿರುವಷ್ಟು ಹೊತ್ತು ಯಾವ ಸಾಮಾನೂ ಪೂಜೆಯಾಗದೆ ಹೊರಗೆ ಹೋಗುವಂತಿರಲಿಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ದೇವರ ಪಟ, ಅದರ ಕೆಳಗೆ ತೇಯ್ದಿಟ್ಟ ಗಂಧದ ಬಟ್ಟಲು, ಕುಂಕುಮದ ಭರಣಿ. ಗಿರಾಕಿ ಕೊಂಡ ವಸ್ತುವನ್ನು ತಟ್ಟೆಯಲ್ಲಿಟ್ಟು, ಉಂಗುರ ಬೆರಳಿನಿಂದ ಮೊದಲು ಗಂಧ, ಅದರ ಮೇಲೆ ಕುಂಕುಮ ಇಟ್ಟು, ಒಂದು ಹೂವು ಏರಿಸಿ, ಕೈಗೆ ಕೊಡುತ್ತಿದ್ದರು. ಅದರ ಹಿಂದೆ ಒಂದು ಸಿದ್ಧಾಂತವೂ ಇತ್ತು.

"ನೋಡಪ್ಪ, ಪ್ರತಿ ವಸ್ತುವಿಗೂ ಒಂದು ಹಣೆ ಅಂತ ಇರತ್ತೆ. ಅದನ್ನ ಹುಡುಕಿ ಬೊಟ್ಟಿಡಬೇಕು. ಎಲ್ಲೆಲ್ಲೋ ಬಳಿಯೋದಲ್ಲ."

ಗಡಿಯಾರಕ್ಕೆ ಹನ್ನೆರಡರ ಮೇಲೆ, ಮಿಕ್ಸಿಗೆ ಸ್ವಿಚ್ಚಿನ ಮೇಲೆ, ಇಸ್ತ್ರಿ ಪೆಟ್ಟಿಗೆಗೆ ಹಿಡಿಯ ಮೂತಿಯಲ್ಲಿ. ಬೊಟ್ಟು ಬಿದ್ದ ಮೇಲೆ ಆ ವಸ್ತು ತಿರುಗಿ ಅಂಗಡಿಗೆ ಬಂದರೆ ಯಜಮಾನರಿಗೆ ಅದು ವೈಯಕ್ತಿಕ ಅವಮಾನ. "ನನ್ನ ಕೈಯಿಂದ ಹೋದದ್ದು ವಾಪಸ್ ಬಂದ್ರೆ ನಂಗೆ ಅವತ್ತು ಊಟ ಸೇರಲ್ಲ" ಎನ್ನುವರು. ಆ ಮಾತು ಅಕ್ಷರಶಃ ನಿಜ. ಮಧ್ಯಾಹ್ನ ಬೇಗ ವಾಪಸು ಬಂದುಬಿಡುತ್ತಿದ್ದರು.

ಇಂಥ ಅಂಗಡಿಗೆ ಒಂದು ದಿನ ಬ್ಲೂಟೂತ್ ಹೆಡ್‌ಸೆಟ್ ಬಂದಿತು.

ತಂತಿಯಿಲ್ಲದೆ ಕಿವಿಗೆ ಸಿಕ್ಕಿಸಿಕೊಂಡು ಫೋನಿನಲ್ಲಿ ಮಾತಾಡುವ ಯಂತ್ರವನ್ನು ಆಗ ನಮ್ಮ ಕಡೆ ಹೆಚ್ಚು ಜನ ಕಂಡಿರಲಿಲ್ಲ. ಕಡಲೆಕಾಯಿಗಿಂತ ಸ್ವಲ್ಪ ದೊಡ್ಡದು, ಮೈಯೆಲ್ಲ ಕಪ್ಪು. ಒಂದು ಕಡೆ ಕಿವಿಗೆ ಕೂರುವ ಗುಂಡು ಭಾಗ, ಇನ್ನೊಂದು ಕಡೆ ಕೆನ್ನೆಯ ಮೇಲೆ ಚಾಚುವ ಬಾಲ, ನಡುವೆ ಒಂದು ಗುಂಡಿ, ಒಂದು ಪುಟ್ಟ ದೀಪ. ಏಜೆನ್ಸಿಯ ಸೇಲ್ಸ್‌ಮನ್ ತಂದು ತೋರಿಸಿದಾಗ ಯಜಮಾನರು ಅದನ್ನು ಅಂಗೈ ಮೇಲೆ ಇಟ್ಟುಕೊಂಡು, "ಇದು ಪೂರ್ತಿ ಸಾಮಾನೋ, ಸ್ಪೇರ್ ಪಾರ್ಟೋ?" ಎಂದು ಕೇಳಿದರು. ನಾನು ಮೊಬೈಲ್ ವಿಭಾಗದ ಮುಖ್ಯಸ್ಥನ ಗಾಂಭೀರ್ಯದಿಂದ, ಇದು ಮುಂದಿನ ಕಾಲದ ವಸ್ತು, ಒಂದು ಪೆಟ್ಟಿಗೆಯಷ್ಟು ತೆಗೆದುಕೊಳ್ಳೋಣ ಎಂದು ಶಿಫಾರಸು ಮಾಡಿದೆ. ಮುಖ್ಯಸ್ಥನ ಮಾತನ್ನು ಅವರು ಒಪ್ಪಿದರು.

ಮಾರುವುದಕ್ಕೂ ಒಂದು ಕ್ರಮ ಇಟ್ಟುಕೊಂಡೆ. ಡಬ್ಬ ಬಿಚ್ಚಿ, ಗುಂಡಿಯನ್ನು ಒತ್ತಿ ಹಿಡಿದರೆ ದೀಪ ಒಮ್ಮೆ ಕೆಂಪು ಒಮ್ಮೆ ನೀಲಿಯಾಗಿ ಮಿನುಗುತ್ತದೆ. ಆಗ ಗಿರಾಕಿಯ ಫೋನಿನಲ್ಲಿ ಅದನ್ನು ಹುಡುಕಿಸಬೇಕು. ಫೋನು ಗುಟ್ಟಿನ ಸಂಖ್ಯೆ ಕೇಳುತ್ತದೆ. ಆ ಗುಟ್ಟು ನಾಲ್ಕು ಸೊನ್ನೆ. ನಾನು ಕಂಡ ಹೆಡ್‌ಸೆಟ್ಟುಗಳಿಗೆಲ್ಲ ಅದೇ ಗುಟ್ಟು. ಆದರೂ ನಾನು ಅದನ್ನು ಗಿರಾಕಿಯ ಕಿವಿಯಲ್ಲಿ ಮೆಲ್ಲಗೆ ಹೇಳುತ್ತಿದ್ದೆ, ಕೊಟ್ಟ ಹಣಕ್ಕೆ ಅಷ್ಟಾದರೂ ಸಮಾಧಾನವಿರಲಿ ಎಂದು. ಜೋಡಿ ಕೂಡಿದ ಮೇಲೆ ಗಿರಾಕಿಯನ್ನು ಹೊಂಗೆ ಮರದ ಕೆಳಗೆ ನಿಲ್ಲಿಸಿ ಅಂಗಡಿಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿಸುವುದು. ನಾನು ಎತ್ತಿ ಮಾತಾಡುವುದು. ಎರಡು ಕಡೆಗೂ ಸ್ಪಷ್ಟ ಕೇಳಿದರೆ ಟೆಸ್ಟ್ ಪಾಸು. ಆಮೇಲೆ ಬಿಲ್ಲು, ತಟ್ಟೆ, ಗಂಧ, ಕುಂಕುಮ, ಹೂವು, ಕವರು. ನನ್ನ ಟೆಸ್ಟಿನಲ್ಲಿ ಒಂದೇ ಒಂದು ಹೆಡ್‌ಸೆಟ್ಟೂ ಫೇಲಾಗಲಿಲ್ಲ.

ಫೇಲಾದದ್ದು ಗಿರಾಕಿಗಳ ಮನೆಯಲ್ಲಿ.

ಮೊದಲು ಬಂದವರು ಯಡಿಯೂರಿನ ಅಡುಗೆ ಕಂಟ್ರಾಕ್ಟಿನ ಅಕ್ಕ. ಮದುವೆ, ಉಪನಯನ, ಗೃಹಪ್ರವೇಶಕ್ಕೆ ಅಡುಗೆ ಮಾಡಿಸುವವರು. ಸದಾ ಕೈ ಹಿಟ್ಟಿನಲ್ಲೋ ಎಣ್ಣೆಯಲ್ಲೋ ಇರುವುದರಿಂದ ಫೋನು ಎತ್ತಲಾಗದೆ ಆರ್ಡರು ತಪ್ಪುತ್ತವೆ ಎಂದು ಈ ಯಂತ್ರ ಕೊಂಡಿದ್ದರು. ಗಾಜಿನ ಪೆಟ್ಟಿಗೆಯ ಮೇಲೆ ಅದನ್ನು ಇಟ್ಟು ಹೇಳಿದರು:

"ಸಾರ್, ಅವರು ಹೇಳಿದ್ದೆಲ್ಲ ನಂಗೆ ಚೆನ್ನಾಗ್ ಕೇಳತ್ತೆ. ನಾನು ಹೇಳಿದ್ದು ಯಾರಿಗೂ ಕೇಳಲ್ಲ. ಮನೇಲಿ ಮೊದಲಿಂದ್ಲೂ ಹಾಗೇ ನಡೀತಿದೆ. ಅದಕ್ಕೆ ಬೇರೆ ದುಡ್ಡು ಕೊಟ್ಟು ಒಂದು ಮೆಷಿನ್ ತಗೋಬೇಕಿತ್ತಾ?"

ಅದರ ಹಿಂದೆಯೇ ಬನಶಂಕರಿಯ ಇನ್ಶೂರೆನ್ಸ್ ಏಜೆಂಟರು ಬಂದರು. ಅವರ ಗಿರಾಕಿಗಳು, ನೀವು ಬಾವಿಯೊಳಗಿಂದ ಮಾತಾಡ್ತಿದ್ದೀರಾ ಎಂದು ಕೇಳುತ್ತಿದ್ದರಂತೆ. "ಇನ್ಶೂರೆನ್ಸ್ ಮಾರೋನು ಬಾವಿಯೊಳಗಿಂದ ಮಾತಾಡಿದ್ರೆ ಯಾರ್ ಸಾರ್ ನಂಬ್ತಾರೆ?" ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ.

ಎಲ್ಲರೂ ಬೈಯುತ್ತಿದ್ದರೆ ಸುಲಭವಿತ್ತು, ಮಾಲು ಕೆಟ್ಟದ್ದೆಂದು ವಾಪಸು ಕಳಿಸಬಹುದಿತ್ತು. ಆದರೆ ಹೊಗಳುವವರೂ ಅದೇ ಗಾಜಿನ ಪೆಟ್ಟಿಗೆಯ ಮುಂದೆ ಬಂದು ನಿಲ್ಲುತ್ತಿದ್ದರು. ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ, ಗದಗದ ಕಡೆಯ ಕೊರಿಯರ್ ಕಂಪನಿಯ ಸೂಪರ್‌ವೈಸರ್ ಒಬ್ಬರು ಸುಮ್ಮನೆ ಹೇಳಿಹೋಗಲೆಂದೇ ಬಂದರು.

"ಸರ, ಭಾಳ ಚಲೋ ಐತ್ರಿ ಇದು. ನಮ್ಮ ಅವ್ವಗ ಊರಾಗ ಹಿಂಗ ಕೇಳ್ತದ ನೋಡ್ರಿ, ಮಗ್ಗಲದಾಗ ಕುಂತು ಮಾತಾಡಿದಂಗ. ಯಾಕ ಸೊರಗಿದಿ ಅಂತ ಧ್ವನಿ ಕೇಳೇ ಕಂಡುಹಿಡಿದಾಳ್ರಿ."

ಸುಬ್ರಹ್ಮಣ್ಯಪುರದ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರೂ ಹೊಗಳುವ ಪಕ್ಷದವರೇ. ಪಕ್ಕದಲ್ಲಿ ಕಲಿಯುವವರು ಸ್ಟಿಯರಿಂಗ್ ಹಿಡಿದು ನಡುಗುತ್ತಿರುವಾಗ ಅವರ ಒಂದು ಕೈ ಹ್ಯಾಂಡ್‌ಬ್ರೇಕಿನ ಮೇಲೆ, ಇನ್ನೊಂದು ಕೈ ದೇಶದ ಹಿತದೃಷ್ಟಿಯಿಂದ ಸ್ಟಿಯರಿಂಗಿನ ಹತ್ತಿರ. ಅಂಥವರಿಗೆ ಇದು ವರ.

ಒಂದೇ ಪೆಟ್ಟಿಗೆಯ ಮಾಲು, ಒಂದೇ ಟೆಸ್ಟು, ಒಬ್ಬನೇ ನಾನು. ಅರ್ಧ ಜನ ನನಗೆ ನಮಸ್ಕಾರ ಹೇಳುತ್ತಿದ್ದರು, ಇನ್ನರ್ಧ ಜನ ಯಜಮಾನರ ಹತ್ತಿರ ನನ್ನ ದೂರು ಹೇಳುತ್ತಿದ್ದರು.

ಯಜಮಾನರು ಕೆಲವು ದಿನ ಸುಮ್ಮನೆ ನೋಡಿದರು. ಊಟ ಸೇರದ ದಿನಗಳು ಹೆಚ್ಚಾದವು. ಕಡೆಗೆ ಒಂದು ಬೆಳಿಗ್ಗೆ ಗಂಧ ತೇಯುತ್ತಾ, ನನ್ನ ಮುಖ ನೋಡದೆ ಹೇಳಿದರು:

"ಆಯುಧ ಪೂಜೆವರೆಗೂ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಈ ಮೊಬೈಲ್ ಸಹವಾಸ ಬೇಡ. ಆ ಗಾಜಿನ ಪೆಟ್ಟಿಗೆ ತೆಗೆದು ಅಲ್ಲಿ ವೆಟ್ ಗ್ರೈಂಡರ್ ಇಡೋಣ."

"ಮತ್ತೆ ನಾನು, ಯಜಮಾನ್ರೇ?"

"ನಿಂಗೇನಾದ್ರೂ ನೋಡೋಣ."

ರಿಪೇರಿ ಮೇಜು ಗುಜರಿಗೆ ಹೋಗುವ ಹಿಂದಿನ ದಿನವೂ ಮೇಜಿನ ಬಗ್ಗೆ ಅವರು ಇದೇ ಮಾತು ಹೇಳಿದ್ದರು. ವೆಟ್ ಗ್ರೈಂಡರಿಗೆ ಮುಖ್ಯಸ್ಥ ಬೇಕಾಗುವುದಿಲ್ಲ. ಐವತ್ತರ ಹತ್ತಿರ ಬಂದ ರೇಡಿಯೋ ಮೆಕ್ಯಾನಿಕ್ಕಿಗೆ ಜಯನಗರದಲ್ಲಿ ಬೇರೆ ಸ್ಟೂಲು ಯಾರೂ ಇಟ್ಟಿರಲಿಲ್ಲ.

ಆದ್ದರಿಂದ ತನಿಖೆ ಆರಂಭಿಸಿದೆ.

ರಿಪೇರಿ ಮಾಡುವವನು ಮೊದಲು ಕೇಳಬೇಕಾದ ಪ್ರಶ್ನೆ, ಏನು ಕೆಟ್ಟಿದೆ ಎಂಬುದಲ್ಲ, ಏನು ಕೆಟ್ಟಿಲ್ಲ ಎಂಬುದು. ಜೋಡಿ ಕೂಡುವುದು ಸರಿ. ಬ್ಯಾಟರಿ ಸರಿ. ಕೇಳಿಸುವುದು ಸರಿ. ಮಾತು ಹೊರಗೆ ಹೋಗುವುದಷ್ಟೇ ಕೆಟ್ಟಿದೆ. ಆದರೆ ಕೆಲವರದು ಮಾತ್ರ ಏಕೆ? ಫೋನಿನ ಜಾತಿ ನೋಡಿದೆ. ಎರಡು ಪಕ್ಷದಲ್ಲೂ ಎಲ್ಲ ಕಂಪನಿಯ ಫೋನುಗಳಿದ್ದವು. ಹೆಲ್ಮೆಟ್ ಹಾಕುವವರೇ ಬೈಯುತ್ತಾರೇನೋ ಎಂದುಕೊಂಡೆ. ಅಡುಗೆಯ ಅಕ್ಕ ಹೆಲ್ಮೆಟ್ ಹಾಕಿ ಹೋಳಿಗೆ ತಟ್ಟುವುದಿಲ್ಲ. ಕೆನ್ನೆಯ ಆಕಾರದ ಮೇಲೆ ಒಂದು ಸಿದ್ಧಾಂತ ಕಟ್ಟಿ, ಗಿರಾಕಿಗಳ ಕೆನ್ನೆಗಳನ್ನು ದಿಟ್ಟಿಸಿ ನೋಡತೊಡಗಿದೆ. ಒಬ್ಬ ಮೇಡಂ ಬೆನ್ನು ತಿರುಗಿಸಿ ಹೋದ ಮೇಲೆ ಆ ಸಿದ್ಧಾಂತವನ್ನು ಕೈಬಿಟ್ಟೆ.

ಈ ನಡುವೆ ಯಡಿಯೂರು ಕೆರೆಯ ಸುತ್ತ ವಾಕಿಂಗ್ ಮಾಡುವ ನಿವೃತ್ತ ಇಂಜಿನಿಯರ್ ಒಬ್ಬರು ಬೇರೆಯದೇ ದೂರು ತಂದರು. ಯಂತ್ರ ಚೆನ್ನಾಗಿದೆ, ಆದರೆ ತಾನು ಮಗಳ ಜೊತೆ ಮಾತಾಡುತ್ತಾ ನಡೆದರೆ ಎದುರಿಗೆ ಬಂದವರೆಲ್ಲ ತಮಗೇ ಹೇಳಿದ್ದೆಂದು ಉತ್ತರ ಕೊಡುತ್ತಾರೆ, ಉತ್ತರ ಕೊಡದವರು ದೂರ ಸರಿದು ಕನಿಕರದಿಂದ ನೋಡುತ್ತಾರೆ, ಇದಕ್ಕೇನು ಪರಿಹಾರ ಎಂದರು. ತಾಂತ್ರಿಕ ಪರಿಹಾರವಿಲ್ಲ ಸಾರ್ ಎಂದೆ. ಆ ದೂರು ಇಂದಿಗೂ ಬಗೆಹರಿಯದೆ ಉಳಿದಿದೆ.

ದೂರು ಬಂದಿದ್ದ ಉಳಿದ ಯಂತ್ರಗಳನ್ನು ಕವರಿಗೆ ತುಂಬಿಕೊಂಡು ಜೆಪಿ ನಗರದಲ್ಲಿದ್ದ ಸರ್ವೀಸ್ ಸೆಂಟರಿಗೆ ಬಸ್ಸು ಹತ್ತಿದೆ. ಅಲ್ಲಿಯ ಇಂಜಿನಿಯರ್ ಕೈಗೆ ತೆಳು ಗ್ಲೌಸು ಹಾಕಿಕೊಂಡು, ಒಂದೊಂದನ್ನೂ ಎತ್ತಿ ಸ್ಪಿರಿಟ್ಟಿನಲ್ಲಿ ಅದ್ದಿದ ಸಣ್ಣ ಬ್ರಷ್ಷಿನಿಂದ ಮೈಯೆಲ್ಲ ಉಜ್ಜಿ, ಗಾಳಿಯ ಪೈಪು ಹಿಡಿದು ಊದಿಸಿ, ಆಮೇಲೆ ಪರೀಕ್ಷೆಗೆ ಕೂತರು.

"ಮೊದಲು ಕ್ಲೀನ್ ಮಾಡ್ಬಿಡ್ತೀವಿ ಸಾರ್. ಯಾರ್ಯಾರ ಕಿವೀಲಿ ಇದ್ದದ್ದೋ ಏನೋ" ಎಂದರು.

ಆತನ ಮಡಿಯನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ನಮ್ಮ ಅಜ್ಜಿ ಇದ್ದಿದ್ದರೆ ಆತನ ಕೈಯ ನೀರು ಕುಡಿಯುತ್ತಿದ್ದರು. ಪರೀಕ್ಷೆಯ ಫಲಿತಾಂಶ: ಎಲ್ಲವೂ ಸರಿಯಾಗಿವೆ, ಯಾವುದರಲ್ಲೂ ದೋಷವಿಲ್ಲ. ನನ್ನ ಕಿವಿಗೇ ಹಾಕಿ ಮಾತಾಡಿಸಿ ತೋರಿಸಿದರು. "ನಿಮ್ಮ ಕಸ್ಟಮರ್ಸ್‌ಗೆ ಯೂಸ್ ಮಾಡೋಕೆ ಬರಲ್ಲ ಸಾರ್" ಎಂದು ತೀರ್ಪನ್ನೂ ಕೊಟ್ಟರು.

ಹಿಗ್ಗಿ ವಾಪಸು ಬಂದೆ. ಅಡುಗೆಯ ಅಕ್ಕನಿಗೂ ಇನ್ಶೂರೆನ್ಸಿನವರಿಗೂ ಫೋನು ಹೋಯಿತು. ಮರದ ಕೆಳಗೆ ಮತ್ತೆ ಟೆಸ್ಟು. ಇಬ್ಬರದೂ ಗಂಟೆ ಹೊಡೆದ ಹಾಗೆ ಕೇಳಿತು. ಯಜಮಾನರ ಮುಖದಲ್ಲಿ ಊಟ ಸೇರುವ ಕಳೆ ಬಂತು. ಸರಿಹೋಗಿ ಬಂದದ್ದಕ್ಕೆ ವಿಶೇಷವಾಗಿ ಇನ್ನೊಮ್ಮೆ ಪೂಜೆ ಮಾಡಿ, ಹೂವಿನ ಜೊತೆ ಕಲ್ಲುಸಕ್ಕರೆಯನ್ನೂ ಕೊಟ್ಟು ಕಳಿಸಿದರು.

ಎರಡನೆಯ ದಿನವೇ ಅಕ್ಕ ಮತ್ತೆ ಬಂದರು.

"ಕಲ್ಲುಸಕ್ಕರೆ ಚೆನ್ನಾಗಿತ್ತು" ಎಂದರು. "ಮೆಷಿನ್ ಹಾಗೇ ಇದೆ. ಸಾರ್, ಬರೋ ತಿಂಗಳು ನಂದು ದೊಡ್ಡ ಮದುವೆ ಇದೆ, ಅಂಜನಾಪುರದಲ್ಲಿ. ಹುಡುಗಿ ಕಡೆಯವ್ರು ಗಳಿಗೆಗೊಂದ್ಸಲ ಫೋನ್ ಮಾಡ್ತಾರೆ. ನಾನು ಹಲೋ ಹಲೋ ಅಂತ ಅರಚ್ತೀನಿ, ಅವರು ಈಯಮ್ಮ ಫೋನ್ ಎತ್ತಿ ಸುಮ್ನಿರ್ತಾಳೆ, ಬಹಳ ಜಂಬ ಅಂತಾರಂತೆ. ಇದೊಂದು ಗತಿ ಕಾಣಿಸಿ, ಇಲ್ಲ ನನ್ನ ಬಿಟ್ಬಿಡಿ."

ಅದೇ ವಾರ ಏಜೆನ್ಸಿಯ ಸೇಲ್ಸ್‌ಮನ್ ಒಂದು ದಾರಿ ತೋರಿಸಿದ. ಮಾಲೇ ಕೆಟ್ಟದ್ದು ಎಂದು ಅಂಗಡಿಯಿಂದ ಬರೆದುಕೊಟ್ಟರೆ ಪೂರ್ತಿ ಪೆಟ್ಟಿಗೆ ವಾಪಸು ತೆಗೆದುಕೊಂಡು ಬೇರೆ ಕಳಿಸುವರಂತೆ. ಯಜಮಾನರು, "ಬೇರೆ ಕಳಿಸೋದೂ ಬೇಡ, ಇದನ್ನ ತಗೊಂಡು ಹೋದ್ರೆ ಸಾಕು" ಎಂದರು. ಸ್ವಲ್ಪ ತಡೆಯಿರಿ ಎಂದು ನಾನು ಅಡ್ಡ ಬಂದೆ. ಕಣ್ಣೆದುರಿಗೆ ಸರಿಯಾಗಿ ಮಾತಾಡುವ ವಸ್ತುವನ್ನು ಕೆಟ್ಟದ್ದೆಂದು ಬರೆದುಕೊಡಲು ಹಳೆಯ ಮೆಕ್ಯಾನಿಕ್ಕಿನ ಕೈ ಬರಲಿಲ್ಲ, ಅಷ್ಟೆ.

ಹೀಗಿರುವಾಗ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಮತ್ತೆ ಬಂದರು. ದೂರಿಗಲ್ಲ, ಇನ್ನೊಂದು ಕೊಳ್ಳಲು. ಹೊಲಿಗೆ ಮೆಷಿನ್ ತುಳಿಯುವ ಹೆಂಡತಿಗೂ ಒಂದು ಬೇಕಂತೆ. ಟೆಸ್ಟು ಮುಗಿಯಿತು, ಬಿಲ್ಲಾಯಿತು, ಯಜಮಾನರು ತಟ್ಟೆ ಮುಂದಿಟ್ಟು ಗಂಧಕ್ಕೆ ಬೆರಳು ಅದ್ದಿದರು. ಮೇಷ್ಟ್ರು ನಕ್ಕು ಕೈ ಮುಗಿದರು.

"ಯಜಮಾನ್ರೇ, ಹಿಂದಿನ ಸಲ ಹೇಳಿದ್ನಲ್ಲ, ನಾವು ಬುದ್ಧನ ಕಡೆಯವ್ರು. ನಮ್ಮನೇಲಿ ಈ ಪದ್ಧತಿ ಇಲ್ಲ. ಹಾಗೇ ಕೊಡಿ, ಬೇಜಾರ್ ಮಾಡ್ಕೋಬೇಡಿ."

"ಅಯ್ಯೋ, ಬೇಜಾರ್ ಯಾಕ್ರೀ. ಮರೆತೇಬಿಟ್ಟಿದ್ದೆ" ಎಂದು ಯಜಮಾನರು ಬೆರಳಿನ ಗಂಧವನ್ನು ಬಟ್ಟಲಿನ ಅಂಚಿಗೆ ಒರೆಸಿ, ಹೆಡ್‌ಸೆಟ್ಟನ್ನು ಎರಡು ಕೈಯಲ್ಲಿ ಎತ್ತಿ ಮರ್ಯಾದೆಯಿಂದ ಕೊಟ್ಟರು.

ನಾನು ಸ್ಟೂಲಿನ ಮೇಲೆ ಕೂತು ಇದನ್ನು ನೋಡುತ್ತಿದ್ದೆ. ಮೇಷ್ಟ್ರದು ಮೊದಲಿನಿಂದಲೂ ಚೆನ್ನಾಗಿದೆ. ಮೇಷ್ಟ್ರದಕ್ಕೆ ಪೂಜೆಯಾಗಿಲ್ಲ. ಕೊರಿಯರಿನ ಗದಗದವರು ಕೊಂಡದ್ದು ಯಾವಾಗ? ಮಧ್ಯಾಹ್ನ, ಯಜಮಾನರು ನಿದ್ದೆ ಮಾಡುತ್ತಿದ್ದಾಗ. ನಾನೇ ಕವರಿಗೆ ಹಾಕಿ ಕೊಟ್ಟಿದ್ದೆ. ಕೆರೆಯ ಇಂಜಿನಿಯರು? ಮಧ್ಯಾಹ್ನವೇ. ಅಡುಗೆಯ ಅಕ್ಕ ಬೆಳಿಗ್ಗೆ. ಇನ್ಶೂರೆನ್ಸಿನವರು ಬೆಳಿಗ್ಗೆ, ಅದೂ ರಾಹುಕಾಲ ಕಳೆಯುವವರೆಗೆ ಕಾದು ಕೂತು.

ಪೂಜೆಯಾದದ್ದು ಕೆಟ್ಟಿದೆ, ಆಗದ್ದು ಸರಿಯಿದೆ.

ಯಜಮಾನರು ಊಟಕ್ಕೆ ಹೋದ ಮೇಲೆ ಡ್ರಾಯರಿನ ಮೂಲೆಯಿಂದ ಹಳೆಯ ಭೂತಗನ್ನಡಿ ತೆಗೆದೆ. ರೇಡಿಯೋ ಕಾಲದ್ದು. ಅಕ್ಕ ಬಿಟ್ಟುಹೋಗಿದ್ದ ಹೆಡ್‌ಸೆಟ್ಟನ್ನು ಅದರ ಕೆಳಗೆ ಹಿಡಿದೆ. ಕೆನ್ನೆಯ ಕಡೆಯ ಬಾಲದ ತುದಿಯಲ್ಲಿ ಒಂದು ಸಣ್ಣ ತೂತು. ಮಾತು ಒಳಗೆ ಹೋಗುವ ದಾರಿ ಅದೇ. ಬರಿಗಣ್ಣಿಗೆ ಅದು ಯಾವತ್ತಿನಂತೆ ಕಪ್ಪಾಗಿಯೇ ಕಂಡಿತ್ತು. ಕನ್ನಡಿಯಡಿಯಲ್ಲಿ ಆ ಕಪ್ಪು ಕಡುಗೆಂಪಾಯಿತು. ಗುಂಡುಪಿನ್ನು ತೆಗೆದು ಮೆಲ್ಲಗೆ ಕೆದಕಿದೆ. ಒಣಗಿ ಗಟ್ಟಿಯಾಗಿದ್ದ ಒಂದು ಚೂರು ಎದ್ದು ಬಂತು. ಮೂಗಿನ ಹತ್ತಿರ ಹಿಡಿದೆ. ಒಳ್ಳೆಯ ಮೈಸೂರು ಗಂಧ. ಯಜಮಾನರು ಕಳಪೆ ಗಂಧ ಕೊಳ್ಳುವವರಲ್ಲ.

ಗಂಧ ಅಂಟು, ಕುಂಕುಮ ಪುಡಿ. ಎರಡೂ ಸೇರಿ ಒಣಗಿದರೆ ಗೋಡೆಯ ತೂತಿಗೆ ಪುಟ್ಟಿ ತುಂಬಿದ ಹಾಗೆ. ಹೊರಗಿನ ಬೊಟ್ಟು ಕವರಿನಲ್ಲೋ ಕೆನ್ನೆಯ ಮೇಲೋ ಉಜ್ಜಿ ಅಳಿದುಹೋಗುತ್ತಿತ್ತು, ಒಳಗಿನದು ಉಳಿಯುತ್ತಿತ್ತು. ಸರ್ವೀಸ್ ಸೆಂಟರಿನವರು ಮಡಿ ಮಾಡಿ ಅದನ್ನು ತೆಗೆಯುತ್ತಿದ್ದರು, ನಾವು ಪೂಜೆ ಮಾಡಿ ಮತ್ತೆ ತುಂಬುತ್ತಿದ್ದೆವು. ನಾನು ಟೆಸ್ಟ್ ಮಾಡುತ್ತಿದ್ದುದು ಇವೆರಡರ ನಡುವಿನ ಶುಭ ಗಳಿಗೆಯಲ್ಲಿ. ಪೂಜೆಯಾಗಿಯೂ ಸರಿಯಾಗಿ ಉಳಿದ ಕೆಲವು ಇದ್ದವು. ಅಂದು ಯಜಮಾನರ ಬೆರಳು ಗುರಿ ತಪ್ಪಿದ್ದಿರಬೇಕು.

ಕಾರಣ ಸಿಕ್ಕಿತು. ಅದನ್ನು ಹೇಳುವುದು ಹೇಗೆ ಎಂಬುದು ಈಗ ಉಳಿಯಿತು.

ಯೋಚಿಸುತ್ತಾ ಮಧ್ಯಾಹ್ನವೆಲ್ಲ ಕೂತೆ. ನಿಮ್ಮ ಪೂಜೆಯಿಂದಲೇ ಸಾಮಾನು ಕೆಡುತ್ತಿದೆ ಎಂದು ನಲವತ್ತು ವರ್ಷ ಬೊಟ್ಟಿಟ್ಟ ಕೈಗೆ ಹೇಳುವುದೆಂತು? ಹೇಳಿದರೆ ಗಾಜಿನ ಪೆಟ್ಟಿಗೆಯ ಜೊತೆ ನನ್ನನ್ನೂ ಹೊರಗೆ ಇಟ್ಟಾರು. ಹೇಳದಿದ್ದರೆ ಹೇಗೂ ಇಡುತ್ತಾರೆ. ಪೂಜೆಗೆ ಮೊದಲು ತೂತಿನ ಮೇಲೆ ಸೆಲ್ಲೋ ಟೇಪಿನ ಚೂರು ಅಂಟಿಸಿ ಆಮೇಲೆ ಕೀಳಬಹುದು. ಆದರೆ ಗಿರಾಕಿಯ ಎದುರಿಗೆ ಬೊಟ್ಟನ್ನು ಟೇಪಿನ ಸಮೇತ ಕಿತ್ತುಹಾಕುವವನಿಗೆ ಜಯನಗರದಲ್ಲಿ ವ್ಯಾಪಾರವಾಗುವುದಿಲ್ಲ. ಗಿರಾಕಿಗಳಿಗೆ ಗುಟ್ಟಾಗಿ, ಮನೆಗೆ ಹೋಗಿ ಪ್ರಸಾದಕ್ಕೆ ಪಿನ್ನು ಚುಚ್ಚಿ ಎನ್ನಲೂ ಬಾಯಿ ಬರಲಿಲ್ಲ. ಇನ್ನು ಸೇಲ್ಸ್‌ಮನ್ನನ ದಾರಿ. ಎಲ್ಲರ ಮಾನವೂ ಉಳಿಯುತ್ತದೆ, ತಪ್ಪು ಯಾವುದೋ ದೂರದ ಫ್ಯಾಕ್ಟರಿಯ ತಲೆಗೆ ಹೋಗುತ್ತದೆ. ಅಕ್ಕನ ಮದುವೆ ಮನೆಯವರಿಗೆ ಮಾತ್ರ ಏನೂ ಕೇಳಿಸುವುದಿಲ್ಲ.

ಕಡೆಗೆ ಒಂದು ನಿರ್ಧಾರಕ್ಕೆ ಬಂದೆ. ಬಾಯಲ್ಲಿ ಏನೂ ಹೇಳುವುದು ಬೇಡ. ಕ್ರಮ ಮಾತ್ರ ಬದಲಿಸೋಣ. ಮೊದಲು ಪೂಜೆ, ಆಮೇಲೆ ಟೆಸ್ಟು. ಲ್ಯಾಂಡ್‌ಲೈನನ್ನು ಯಜಮಾನರೇ ಎತ್ತಲಿ.

ಮರುದಿನ ಬೆಳಿಗ್ಗೆ ಅಕ್ಕನನ್ನು ಕರೆಸಿದೆ. ತೂತು ಆಗಲೇ ಶುದ್ಧವಾಗಿತ್ತು. ಯಜಮಾನರ ಮುಂದೆ ಇಟ್ಟು, "ಮೊದಲು ನಿಮ್ಮ ಕೈಯಿಂದ ಆಗ್ಲಿ, ಟೆಸ್ಟ್ ಆಮೇಲೆ ಮಾಡೋಣ" ಎಂದೆ. ಅವರಿಗೆ ಸಂತೋಷವಾಯಿತು. ಕಣ್ಣು ಅರ್ಧ ಮುಚ್ಚಿ, ಉಂಗುರ ಬೆರಳಿನಲ್ಲಿ ಗಂಧ ತೆಗೆದು, ಬಾಲದ ತುದಿಯ ಆ ತೂತಿನ ಮೇಲೆಯೇ, ಅದು ಅದಕ್ಕೆಂದೇ ಕೊರೆದ ಜಾಗವೆಂಬ ಹಾಗೆ ಒತ್ತಿ ಇಟ್ಟರು. ಮೇಲೆ ಕುಂಕುಮ. ನೋಡಲು ಬಹಳ ಲಕ್ಷಣವಾಗಿತ್ತು. ಆಮೇಲೆ ಒಂದಿಷ್ಟು ಹೊತ್ತು ಫ್ಯಾನಿನ ಕೆಳಗೆ ಕೂತು ಮದುವೆಯ ಅಡುಗೆಯ ವಿಚಾರ ಮಾತಾಡಿದೆವು. ಗಂಧ ಒಣಗುವುದಕ್ಕೆ ಸಮಯ ಬೇಕಿತ್ತು.

ಅಕ್ಕ ಹೊಂಗೆ ಮರದ ಕೆಳಗೆ ಹೋಗಿ ನಿಂತರು. ಲ್ಯಾಂಡ್‌ಲೈನು ಬಡಿಯಿತು.

"ನೀವೇ ಎತ್ತಿ ಯಜಮಾನ್ರೇ" ಎಂದೆ.

"ಹಲೋ" ಎಂದರು. "ಹಲೋ. ಅಮ್ಮಾ, ಮಾತಾಡಿ. ಮಾತಾಡೀಮ್ಮ."

ಬಾಗಿಲಾಚೆ ಅಕ್ಕ ಮಾತಾಡುತ್ತಲೇ ಇದ್ದರು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಗಾಳಿಯಲ್ಲಿ. ರಸ್ತೆಯಲ್ಲಿ ಹೋಗುತ್ತಿದ್ದ ಆಟೋದವನು ನಿಧಾನ ಮಾಡಿ ನೋಡಿ ಹೋದ. ಯಜಮಾನರು ರಿಸೀವರನ್ನು ಕಿವಿಯಿಂದ ತೆಗೆದು ನೋಡಿ, ಮತ್ತೆ ಇಟ್ಟುಕೊಂಡರು.

"ಏನೋ ಗುಸುಗುಸು ಅಂತಿದೆ ಕಣಪ್ಪ."

ನಾನು ಹೊರಗೆ ಹೋಗಿ ಅಕ್ಕನನ್ನು ಒಳಗೆ ಕರೆದುಕೊಂಡು ಬಂದೆ. ಹೆಡ್‌ಸೆಟ್ಟನ್ನು ಬಿಳಿಯ ಕಾಗದದ ಮೇಲೆ ಇಟ್ಟು, ದೇವರ ಪಟದ ಕಡೆ ಒಮ್ಮೆ ನೋಡಿ ಮನಸ್ಸಿನಲ್ಲೇ ಅಪ್ಪಣೆ ಕೇಳಿ, ಗುಂಡುಪಿನ್ನಿನಿಂದ ತೂತನ್ನು ಕೆದಕಿದೆ. ಕಾಗದದ ಮೇಲೆ ಕೆಂಪು ಉದುರಿತು. ಅಕ್ಕ ಮತ್ತೆ ಮರದ ಕೆಳಗೆ ಹೋದರು. ಮತ್ತೆ ಫೋನು ಬಡಿಯಿತು. ಈ ಸಲ ರಿಸೀವರಿನಿಂದ ಹೊರಟ ದನಿ ನನ್ನ ಸ್ಟೂಲಿನವರೆಗೂ ಕೇಳಿತು.

"...ಇದೂ ಕೇಳ್ಸಲ್ಲ ಅಂದ್ರೆ ನಾನು ಕೆರೇಗೆ ಎಸೀತೀನಿ, ನೋಡ್ಕೊಳ್ಳಿ, ಇಬ್ಬರೂ ಸೇರಿ ನನ್ನ ಬೀದೀಲಿ ಕುಣಿಸ್ತಿದ್ದೀರಿ, ಮನೇಲಿ ಉದ್ದಿನಬೇಳೆ ನೆನೆಹಾಕಿ ಬಂದಿದ್ದೀನಿ..."

"ಕೇಳ್ತಮ್ಮ" ಎಂದರು ಯಜಮಾನರು. "ಪೂರ್ತಿ ಕೇಳ್ತು. ಒಳಗ್ ಬನ್ನಿ."

ರಿಸೀವರ್ ಇಟ್ಟರು. ಕಾಗದದ ಮೇಲಿನ ಕೆಂಪನ್ನು ನೋಡಿದರು. ಪಿನ್ನಿನ ತುದಿ ನೋಡಿದರು. ಆಮೇಲೆ ತಮ್ಮ ಉಂಗುರ ಬೆರಳನ್ನು, ಅದು ಬೇರೆ ಯಾರದೋ ಎಂಬಂತೆ, ಬಹಳ ಹೊತ್ತು ನೋಡಿದರು. ಸ್ಟೂಲಿನ ಮೇಲೆ ನನ್ನ ಕೊನೆಯ ಗಳಿಗೆ ಇದೆಂದು ನಾನು ನೆಟ್ಟಗೆ ಕೂತಿದ್ದೆ.

"ಎಲ್ಲಾರದಕ್ಕೂ ಇದೇನಾ?"

"ಹೆಚ್ಚು ಕಮ್ಮಿ ಎಲ್ಲಾರದಕ್ಕೂ, ಯಜಮಾನ್ರೇ."

"ಮಾತಾಡೋದು ಆ ತೂತಿಂದಾನಾ?"

"ಅಲ್ಲಿಂದಾನೇ."

ಹೆಡ್‌ಸೆಟ್ಟನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

"ಅಲ್ಲಪ್ಪ, ಹಾಗಾದ್ರೆ ಇಷ್ಟು ದಿನ ನಾನು ಹಣೆ ಅಂದ್ಕೊಂಡು ಇದರ ಬಾಯಿಗೆ ಬೊಟ್ಟಿಡ್ತಿದ್ದೆ."

ಅಕ್ಕ ಅಷ್ಟರಲ್ಲಿ ಒಳಗೆ ಬಂದಿದ್ದರು. ವಿಷಯ ಅವರಿಗೆ ಒಂದೇ ನೋಟಕ್ಕೆ ತಿಳಿಯಿತು.

"ಯಜಮಾನ್ರೇ, ಆ ಗಂಧ ಒಂಚೂರು ಕಟ್ಟಿಕೊಡಿ" ಎಂದರು. "ನಮ್ಮನೆಯವರಿಗೂ ಅಲ್ಲೇ ಒಂದು ಇಡಬೇಕು."

ಯಜಮಾನರು ನಕ್ಕರು. ಮೊದಲು ಭುಜ ಮಾತ್ರ ಅಲುಗಿತು, ಆಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ನಾನೂ ಮುಖ್ಯಸ್ಥನ ಘನತೆಗೆ ಕುಂದು ಬಾರದಷ್ಟು ನಕ್ಕೆ.

ಅವರು ಮುಂದೆ ಮಾಡಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಬೆಳಿಗ್ಗೆಯೋ ಸಂಜೆಯೋ ಕೊಂಡವರನ್ನೆಲ್ಲ ತಾವೇ ಫೋನು ಮಾಡಿ ಕರೆಸಿದರು. ಗಲ್ಲಾದ ಹಿಂದೆ ಬಿಳಿಯ ಕಾಗದ ಹಾಸಿಕೊಂಡು, ನನ್ನ ಭೂತಗನ್ನಡಿ ಕಣ್ಣಿಗೆ ಹಿಡಿದು, ಒಂದೊಂದನ್ನೂ ತಮ್ಮ ಕೈಯಿಂದಲೇ ಪಿನ್ನಿನಲ್ಲಿ ಶುದ್ಧ ಮಾಡಿಕೊಟ್ಟರು. ನಾನು ಮಾಡುತ್ತೇನೆಂದರೆ ಬಿಡಲಿಲ್ಲ. "ಇಟ್ಟೋನು ನಾನು, ತೆಗೆಯೋನೂ ನಾನೇ." ಬಂದವರಿಗೆಲ್ಲ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ಇನ್ಶೂರೆನ್ಸಿನವರು, "ಸದ್ಯ, ಬಾವಿಯಿಂದ ಹೊರಗೆ ತೆಗೆದ್ರಿ" ಎಂದು ಕೈ ಮುಗಿದು, ಹೋಗುವ ಮೊದಲು ಯಜಮಾನರಿಗೇ ಒಂದು ಪಾಲಿಸಿಯ ವಿವರ ಹೇಳಿದರು. ಸೇಲ್ಸ್‌ಮನ್ ಬರೆಸಿಕೊಳ್ಳಲು ಕಾಗದ ಹಿಡಿದು ಬಂದಾಗ ಅವನಿಗೆ ಕಾಫಿ ಕೊಟ್ಟು ಕಳಿಸಿದೆವು.

ಹೊಸದಾಗಿ ಮಾರುವಾಗ ಏನು ಮಾಡುವುದೆಂಬ ಪ್ರಶ್ನೆ ಉಳಿದಿತ್ತು. ಪೂಜೆಯನ್ನು ಬಿಡುವ ಮಾತೇ ಇಲ್ಲ. ಇದರ ನಿಜವಾದ ಹಣೆ ಎಲ್ಲಿ ಎಂದು ಯಜಮಾನರು ನನ್ನ ಅಭಿಪ್ರಾಯ ಕೇಳಿದರು. ದೀಪದ ಮೇಲೆ ಇಟ್ಟರೆ ಬೆಳಕು ಕಾಣದು, ಗುಂಡಿಯ ಮೇಲೆ ಇಟ್ಟರೆ ಅಂಟಿಕೊಂಡೀತು, ಗುಂಡು ಭಾಗ ಕಿವಿಯೊಳಗೆ ಹೋಗುವಂಥದ್ದು. ಬಹಳ ಚರ್ಚೆಯಾದ ಮೇಲೆ ಚಾರ್ಜರನ್ನು ಆರಿಸಿದೆವು. ಚಾರ್ಜರಿಗೆ ವಿಶಾಲವಾದ ಹಣೆಯಿತ್ತು, ಎಲ್ಲೂ ತೂತಿರಲಿಲ್ಲ.

ಆಯುಧ ಪೂಜೆಯ ದಿನ ಅಂಗಡಿ ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳಕಾಯಿ ತಂದಿಟ್ಟೆವು. ಯಜಮಾನರು ತಟ್ಟೆ ಹಿಡಿದು ಒಂದೊಂದೇ ವಸ್ತುವಿನ ಮುಂದೆ ನಿಲ್ಲುತ್ತಾ ಬಂದರು. ಆ ವರ್ಷ ಅವರಿಗೆ ಹೊಸ ಅಭ್ಯಾಸ ಬಂದಿತ್ತು. ಬೆರಳನ್ನು ಗಂಧಕ್ಕೆ ಅದ್ದಿ, ವಸ್ತುವಿನ ಹತ್ತಿರ ಒಯ್ದು, ಅಲ್ಲೇ ತಡೆದು, "ಇಲ್ಲಿ ತೂತೇನೂ ಇಲ್ಲ ತಾನೇ?" ಎಂದು ನನ್ನ ಕಡೆ ನೋಡುವರು. ನಾನು ಪರಿಶೀಲಿಸಿ ಇಲ್ಲ ಎನ್ನುವೆ. ಬೊಟ್ಟು ಬೀಳುವುದು. ಸ್ಕ್ರೂಡ್ರೈವರು, ಲ್ಯಾಂಡ್‌ಲೈನು, ಗಲ್ಲಾ, ಗಾಜಿನ ಪೆಟ್ಟಿಗೆ, ಹೀಗೆ ಎಲ್ಲಕ್ಕೂ ನನ್ನ ಅನುಮತಿ ಸಿಕ್ಕ ಮೇಲೆಯೇ ಆಯಿತು.

ವೆಟ್ ಗ್ರೈಂಡರಿನ ಮಾತು ಬರಲೇ ಇಲ್ಲ. ಎಲ್ಲ ಮುಗಿಯಿತೆಂದು ನಾನು ಕುಂಬಳಕಾಯಿ ಎತ್ತಿಕೊಂಡೆ.

"ತಡಿಯಪ್ಪ" ಎಂದರು.

ಹಿಂದಕ್ಕೆ ಬಂದು, ಮೊಣಕಾಲಿನ ಮೇಲೆ ಕೈಯೂರಿ ಕಷ್ಟಪಟ್ಟು ಬಗ್ಗಿ, ನನ್ನ ಸ್ಟೂಲಿನ ಮುಂಗಾಲಿಗೆ ಗಂಧ ಇಟ್ಟು, ಅದರ ಮೇಲೆ ಕುಂಕುಮ ಇಟ್ಟು, ಒಂದು ಸೇವಂತಿಗೆ ಏರಿಸಿದರು. ಅದರ ಹಣೆ ಎಲ್ಲಿ ಎಂದು ಮಾತ್ರ ಅವರು ನನ್ನನ್ನು ಕೇಳಲಿಲ್ಲ.